ಕಣ್ಣು ಕಳೆದುಕೊಂಡ ಸೈನಿಕರು ಮನೆಗೆ ಬಂದ ಮೇಲೆ: ಸ್ವಾವಲಂಬನೆಗೆ ಹಂತ ಹಂತದ ಮಾರ್ಗದರ್ಶಿ

ನೆಲಬಾಂಬ್ ಇಲ್ಲವೇ ಗ್ರೆನೇಡ್ ಸಿಡಿದು ಎರಡೂ ಕಣ್ಣು ಕಳೆದುಕೊಂಡ ಸೈನಿಕರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದಾಗ ಮನೆಯವರು ಸಾಮಾನ್ಯವಾಗಿ ಒಂದು ಬಿಳಿ ಕೋಲು ತಂದುಕೊಡುತ್ತಾರೆ, ಉಳಿದುದನ್ನೆಲ್ಲ ತಾವೇ ಮಾಡತೊಡಗುತ್ತಾರೆ. ತಿಂಗಳುಗಳು ಕಳೆದರೂ ಕೋಲು ಬಾಗಿಲ ಹಿಂದೆ ಒರಗಿಕೊಂಡೇ ಇರುತ್ತದೆ, ಅವರು ಮಂಚ ಬಿಟ್ಟು ಏಳುವುದಿಲ್ಲ, ಕೊನೆಗೆ "ಅವರಿಗೇ ಮನಸ್ಸಿಲ್ಲ" ಎಂಬ ತೀರ್ಮಾನಕ್ಕೆ ಎಲ್ಲರೂ ಬರುತ್ತಾರೆ. ಹೆಚ್ಚಿನ ಮನೆಗಳಲ್ಲಿ ತಪ್ಪಿರುವುದು ಮನಸ್ಸಲ್ಲ, ಕೆಲಸಗಳ ಕ್ರಮ. ಕೊನೆಯಲ್ಲಿ ಬರಬೇಕಾದ ಕೋಲು ಮೊದಲೇ ಬಂದಿದೆ. ಮೊದಲು ಆಗಬೇಕಾದ ಕಿವಿಯ ತಪಾಸಣೆ ಆಗಿಯೇ ಇಲ್ಲ. ಮನೆಯ ಸಾಮಾನುಗಳು ದಿನಕ್ಕೊಂದು ಜಾಗದಲ್ಲಿ ಕೂರುತ್ತಿವೆ.

ಈ ಬರಹವು ಮನೆಯವರಿಗಾಗಿ ಮತ್ತು ಇದನ್ನು ಓದಿಸಿಕೊಂಡೋ ಫೋನಿನಲ್ಲಿ ಕೇಳಿಕೊಂಡೋ ಅನುಸರಿಸುವ ಸೈನಿಕರಿಗಾಗಿ ಇದೆ. ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಬೇಕು. ಒಂದು ಹಂತವನ್ನು ಯಾರ ನೆರವೂ ಇಲ್ಲದೆ ಮುಗಿಸಲು ಸಾಧ್ಯವಾದ ಮೇಲೆ ಮಾತ್ರ ಮುಂದಿನದಕ್ಕೆ ಹೋಗಬೇಕು.

ಸೇನೆಯಲ್ಲಿದ್ದವರಿಗೆ ಈ ಕಲಿಕೆಯಲ್ಲಿ ಒಂದು ಅನುಕೂಲವಿದೆ. ಕಿಟ್ಟಿನ ಪ್ರತಿ ವಸ್ತುವನ್ನೂ ನಿಗದಿತ ಜಾಗದಲ್ಲೇ ಇಡುವುದು, ಕತ್ತಲಲ್ಲಿ ಕೈ ಮುಟ್ಟಿಯೇ ರೈಫಲ್ ಬಿಚ್ಚಿ ಜೋಡಿಸುವುದು, ಗಡಿಯಾರದ ಅಂಕಿಗಳಿಂದ ದಿಕ್ಕು ಹೇಳುವುದು ಅವರಿಗೆ ಹೊಸದಲ್ಲ. ಮನೆಯವರು ಆ ಅಭ್ಯಾಸಗಳನ್ನೇ ಮನೆಯ ಕೆಲಸಕ್ಕೆ ಹೊಂದಿಸಿದರೆ ಅರ್ಧ ದಾರಿ ಸಾಗಿದಂತೆಯೇ.

ಮೊದಲು ಒದಗಿಸಿಕೊಳ್ಳಬೇಕಾದ ಸಾಮಾನು

ದುಬಾರಿ ಉಪಕರಣಗಳನ್ನು ಮೊದಲೇ ಕೊಳ್ಳಬೇಡಿ. ಎಂ-ಸೀಲ್ (ಕಲಸಿ ಅಂಟಿಸಿದರೆ ಗಟ್ಟಿಯಾಗುವ ಅಂಟು) ಒಂದು ಪೊಟ್ಟಣ, ಬೇರೆ ಬೇರೆ ದಪ್ಪದ ರಬ್ಬರ್ ಬ್ಯಾಂಡುಗಳು, ಸೂಜಿ ಮತ್ತು ದಪ್ಪ ದಾರ, ಸೇಫ್ಟಿ ಪಿನ್ನುಗಳು, ಅಂಚು ಎತ್ತರವಿರುವ ಎರಡು ಮೂರು ತಟ್ಟೆ, ಒಂದು ದೊಡ್ಡ ಟ್ರೇ, ಬಚ್ಚಲಿಗೆ ಜಾರದ ರಬ್ಬರ್ ಚಾಪೆ, ಗೋಡೆಗೆ ಸ್ಕ್ರೂ ಹಾಕಿ ಕೂರಿಸುವ ಕಬ್ಬಿಣದ ಹಿಡಿ, ಒಂದು ಸಾಧಾರಣ ಆಂಡ್ರಾಯ್ಡ್ ಫೋನು ಇದ್ದರೆ ಮೊದಲ ಏಳು ಹಂತಗಳಿಗೆ ಸಾಕು. ಮಾತನಾಡುವ ಕೈಗಡಿಯಾರ ಒಳ್ಳೆಯದೇ, ಆದರೆ ಫೋನೂ ಸಮಯ ಹೇಳುತ್ತದೆ. ಆ ದುಡ್ಡನ್ನು ಬಚ್ಚಲಿನ ಹಿಡಿಗೆ ಹಾಕುವುದು ಮೇಲು.

ಹಂತ 1: ದೇಹದ ಪೂರ್ತಿ ತಪಾಸಣೆ

ಸ್ಫೋಟದ ಗಾಯ ಕಣ್ಣಿಗಷ್ಟೇ ಆಗುವುದು ಅಪರೂಪ. ಸ್ಫೋಟದ ಒತ್ತಡಕ್ಕೆ ಕಿವಿಯ ತಮಟೆ ಹರಿಯಬಹುದು. ಗುಣವಾದ ಮೇಲೂ ಒಂದು ಕಿವಿ ಇನ್ನೊಂದಕ್ಕಿಂತ ಮಂದವಾಗಿ ಉಳಿಯಬಹುದು. ಎರಡೂ ಕಿವಿ ಸಮನಾಗಿ ಕೇಳದಿದ್ದರೆ ಸದ್ದು ಎಲ್ಲಿಂದ ಬಂತೆಂಬುದು ತಪ್ಪಾಗಿ ತಿಳಿಯುತ್ತದೆ. ಕಣ್ಣಿಲ್ಲದವರು ದಿಕ್ಕನ್ನು ಅರಿಯುವುದು ಬಹುಪಾಲು ಸದ್ದಿನಿಂದಲೇ ಆದ್ದರಿಂದ, ನಡಿಗೆಯ ಕಲಿಕೆ ಶುರುವಾಗುವ ಮೊದಲೇ ಎರಡೂ ಕಿವಿಗಳ ಕೇಳುವ ಶಕ್ತಿಯನ್ನು ಅಳೆಯುವ ಆಡಿಯೋಮೆಟ್ರಿ ಪರೀಕ್ಷೆ ಆಗಿರಬೇಕು. ಬೆರಳ ತುದಿಗಳಲ್ಲಿ ಸ್ಪರ್ಶ ಎಷ್ಟಿದೆ, ಮೈಯಲ್ಲಿ ಸ್ಫೋಟದ ಚೂರುಗಳು ಉಳಿದಿವೆಯೇ, ತಲೆಗೆ ಪೆಟ್ಟಾಗಿ ತಲೆಸುತ್ತು ಅಥವಾ ಮರೆವು ಇದೆಯೇ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್.ನ ಕಾರ್ಡ್ ಇದ್ದರೆ ಈ ತಪಾಸಣೆಗಳನ್ನು ಆ ಯೋಜನೆಯಡಿ ಮಾಡಿಸಬಹುದು.

ಒಂದು ಕಣ್ಣಿನಲ್ಲಿ ಬೆಳಕಿನ ಅರಿವಾದರೂ ಉಳಿದಿದ್ದರೆ ಅದನ್ನು ಚಿಕ್ಕದೆಂದು ಭಾವಿಸಬಾರದು. ಕಿಟಕಿ ಯಾವ ಕಡೆ ಇದೆ, ದೀಪ ಹೊತ್ತಿದೆಯೇ ಎಂದು ತಿಳಿಯುವುದೇ ಮನೆಯೊಳಗೆ ದೊಡ್ಡ ಆಸರೆ. ಗಾಯಗೊಂಡ ಒಂದು ಕಣ್ಣಿನಿಂದಾಗಿ ಚೆನ್ನಾಗಿದ್ದ ಇನ್ನೊಂದು ಕಣ್ಣೂ ಉರಿಯೂತಕ್ಕೆ ಒಳಗಾಗುವ ಸಾಧ್ಯತೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರವೂ ಇರುತ್ತದೆ. ಉಳಿದ ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ನೋಟ ಮಂಜಾದರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿರುವ ಹಳೆಯ ಹನಿ ಔಷಧಿ ಹಾಕಿ ಕಾಯಬಾರದು.

ಇನ್ನೊಂದು ವಿಷಯ ಮನೆಯವರನ್ನು ಬೆಚ್ಚಿಬೀಳಿಸುತ್ತದೆ. ಕಣ್ಣು ಹೋದವರಲ್ಲಿ ಕೆಲವರಿಗೆ ಎದುರಿಗೆ ಜರಿಯ ವಿನ್ಯಾಸಗಳೋ, ಗೋಡೆಯೋ, ಮನುಷ್ಯರ ಆಕಾರಗಳೋ ಕಾಣಿಸಿಕೊಳ್ಳುತ್ತವೆ. ಕಣ್ಣಿನಿಂದ ಸಂದೇಶ ಬಾರದಿದ್ದಾಗ ಮೆದುಳು ತಾನೇ ಚಿತ್ರ ಕಟ್ಟುವುದರಿಂದ ಹೀಗಾಗುತ್ತದೆ. ಅದು ಬುದ್ಧಿಭ್ರಮಣೆಯೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ವೈದ್ಯರಿಗೆ ತಿಳಿಸಿದರೆ ಸಾಕು. ತಾಯತ ಕಟ್ಟಿಸಲು ಹೋಗಬೇಡಿ.

ಹಂತ 2: ಮನೆಯನ್ನು ಸಜ್ಜುಗೊಳಿಸುವುದು

ಮನೆಯ ಮುಖ್ಯ ನಿಯಮ ಒಂದೇ: ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚು ಚಾಚಿದ ಎರಡು ಕೈಗಳ ನಡುವೆ ನೇರವಾಗಿ ಹಣೆಗೆ ಬಡಿಯುತ್ತದೆ. ಬೀರುವಿನ ಬಾಗಿಲು, ಅಡುಗೆಮನೆಯ ಡ್ರಾಯರು, ಜಗಲಿಯ ಕಡೆಗೆ ತೆರೆದುಕೊಳ್ಳುವ ಕಿಟಕಿಯ ರೆಕ್ಕೆ ಇವಕ್ಕೂ ಇದೇ ನಿಯಮ. ಕಿಟಕಿ ತೆರೆದಿಡಲೇಬೇಕಾದರೆ ಗೋಡೆಗೆ ತಾಗುವಂತೆ ಕೊಕ್ಕೆ ಹಾಕಿಸಿ.

ಇದಾದ ಮೇಲೆ ಒಬ್ಬರು ಮನೆಯೊಳಗೂ ಅಂಗಳದಲ್ಲೂ ನಿಧಾನವಾಗಿ ನಡೆದು ಮೊಣಕಾಲ ಎತ್ತರದ ಮತ್ತು ತಲೆಯ ಎತ್ತರದ ಅಡ್ಡಿಗಳನ್ನು ಬೇರೆ ಬೇರೆಯಾಗಿ ಪಟ್ಟಿ ಮಾಡಬೇಕು. ಕೆಳಗಿನ ಅಡ್ಡಿಗಳು ಎಲ್ಲರಿಗೂ ಹೊಳೆಯುತ್ತವೆ: ಹೊಸ್ತಿಲ ಬಳಿ ಬಿಟ್ಟ ಚಪ್ಪಲಿಗಳು, ಮಡಿಸದ ಚಾಪೆ, ನೀರಿನ ಬಿಂದಿಗೆ, ಮಕ್ಕಳ ಸೈಕಲ್ಲು, ನಡುಮನೆಯಲ್ಲಿ ಹಾದುಹೋದ ಎಕ್ಸ್‌ಟೆನ್ಷನ್ ವಯರು. ಮೇಲಿನವು ಹೊಳೆಯುವುದೇ ಇಲ್ಲ. ಹಿತ್ತಿಲಿನ ಬಟ್ಟೆ ಒಣಗಿಸುವ ತಂತಿ ಸರಿಯಾಗಿ ಕತ್ತಿನ ಎತ್ತರಕ್ಕಿರುತ್ತದೆ. ಹಳೆಯ ಮನೆಗಳ ಹಿತ್ತಿಲ ಬಾಗಿಲು ಕುಳ್ಳಾಗಿರುತ್ತದೆ. ಮಹಡಿ ಮೆಟ್ಟಿಲಿನ ಅಡಿಭಾಗ ಇಳಿಜಾರಾಗಿ ಬಂದು ಹಣೆಗೆ ತಾಗುತ್ತದೆ. ತಂತಿಯನ್ನು ಅವರು ಓಡಾಡುವ ದಾರಿಯಿಂದ ಬೇರೆಡೆಗೆ ಕಟ್ಟಿ, ಮೆಟ್ಟಿಲಿನ ಅಡಿಗೆ ಯಾರೂ ನುಗ್ಗದಂತೆ ಒಂದು ಪೆಟ್ಟಿಗೆಯನ್ನು ಕಾಯಂ ಆಗಿ ಇಡಿ. ಈಗಷ್ಟೇ ನಿಲ್ಲಿಸಿದ ಬೈಕಿನ ಸೈಲೆನ್ಸರ್ ಕಾಲು ಸುಡುವುದರಿಂದ ಬೈಕಿಗೂ ಒಂದು ಜಾಗ, ಒಂದು ದಿಕ್ಕು ನಿಗದಿಯಾಗಲಿ. ಬಾವಿ ಇದ್ದರೆ ಕಟ್ಟೆ ಸೊಂಟಕ್ಕಿಂತ ಎತ್ತರವಿರಬೇಕು, ಮೇಲೆ ಜಾಲರಿ ಇರಬೇಕು.

ಹೊಸ್ತಿಲನ್ನು ಒಡೆದು ತೆಗೆಸುವ ಅಗತ್ಯವಿಲ್ಲ. ಕೋಣೆ ಬದಲಾಯಿತೆಂದು ಪಾದಕ್ಕೆ ತಿಳಿಸುವ ಗುರುತು ಅದು. ಎಡವುವುದು ಮೊದಲ ಕೆಲವು ದಿನ ಮಾತ್ರ.

ಇನ್ನು ಮುಂದೆ ಪೀಠೋಪಕರಣವನ್ನು ಸರಿಸುವುದಾದರೆ ಸರಿಸುವ ಮೊದಲೇ ಅವರಿಗೆ ಹೇಳಬೇಕು, ಸರಿಸಿದ ಮೇಲೆ ಅವರ ಕೈಯನ್ನು ಹೊಸ ಜಾಗಕ್ಕೆ ತಾಗಿಸಬೇಕು. ಹಬ್ಬಕ್ಕೆ ಮನೆ ಸ್ವಚ್ಛ ಮಾಡಿದ ಮರುದಿನವೇ ಪೆಟ್ಟುಗಳು ಹೆಚ್ಚು. ಬಂದ ನೆಂಟರಿಗೂ ಈ ನಿಯಮ ಗೊತ್ತಿರಲಿ, ಸಂಕೋಚಕ್ಕೆ ಸುಮ್ಮನಿರಬೇಡಿ.

ಹಂತ 3: ಒಂದು ನೆಲೆ, ಅಲ್ಲಿಂದ ದಾರಿಗಳು

ಇಡೀ ಮನೆಯನ್ನು ಒಂದೇ ದಿನ ಸುತ್ತಿಸಿ "ಇದು ಅಡುಗೆಮನೆ, ಇದು ದೇವರಕೋಣೆ" ಎಂದು ತೋರಿಸುವುದರಿಂದ ಏನೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅವರ ಕುರ್ಚಿಯನ್ನೋ ಮಂಚದ ತಲೆದಿಂಬಿನ ಮೂಲೆಯನ್ನೋ ಒಂದು ನೆಲೆಯಾಗಿ ಇಟ್ಟುಕೊಳ್ಳಿ. ಪ್ರತಿ ದಾರಿಯೂ ಅಲ್ಲಿಂದ ಹೊರಟು ಅಲ್ಲಿಗೇ ಮರಳಬೇಕು. ಮೊದಲ ದಾರಿ ನೆಲೆಯಿಂದ ಶೌಚಕ್ಕೆ. ಅದೊಂದೇ ದಾರಿ ರಾತ್ರಿಯಲ್ಲೂ ಯಾರನ್ನೂ ಕರೆಯದೆ ಸಾಧ್ಯವಾದ ಮೇಲೆ ಎರಡನೆಯದು. ಬೇರೆ ಯಾವ ಕೌಶಲಕ್ಕಿಂತಲೂ ಹೆಚ್ಚು ಮರ್ಯಾದೆಯನ್ನು ಈ ಮೊದಲ ದಾರಿ ಹಿಂದಿರುಗಿಸುತ್ತದೆ ಎಂದು ನನ್ನ ಅನಿಸಿಕೆ.

ನಡೆಯುವಾಗ ಗೋಡೆಯ ಕಡೆಯ ಕೈಯನ್ನು ಸೊಂಟದ ಎತ್ತರದಲ್ಲಿ, ದೇಹಕ್ಕಿಂತ ಒಂದಿಷ್ಟು ಮುಂದೆ ಚಾಚಿ, ಕಿರುಬೆರಳು ಮತ್ತು ಉಂಗುರಬೆರಳಿನ ಹೊರಮೈ ಗೋಡೆಗೆ ಹಗುರವಾಗಿ ತಾಗುವಂತೆ ಇಡಬೇಕು. ಬೆರಳುಗಳು ಒಳಕ್ಕೆ ಸ್ವಲ್ಪ ಮಡಿದಿರಬೇಕು. ಬೆರಳ ತುದಿಯನ್ನು ಮುಂದಕ್ಕೆ ಚಾಚಿದರೆ ಬಾಗಿಲ ಚೌಕಟ್ಟಿಗೆ ಸಿಕ್ಕಿ ಉಳುಕುತ್ತದೆ. ಇನ್ನೊಂದು ಕೈಯನ್ನು ಭುಜದ ಎತ್ತರಕ್ಕೆತ್ತಿ, ಮೊಣಕೈ ಮಡಿಸಿ, ಅಂಗೈ ಹೊರಮುಖವಾಗಿ ಎದುರು ಭುಜದ ಮುಂದೆ ಹಿಡಿದರೆ ಮುಖಕ್ಕೂ ಎದೆಗೂ ರಕ್ಷಣೆ. ಗೋಡೆ ಬಿಟ್ಟು ನಡುಮನೆಯನ್ನು ದಾಟಬೇಕಾದಾಗ ಮೊದಲು ಬೆನ್ನನ್ನೂ ಹಿಮ್ಮಡಿಗಳನ್ನೂ ಗೋಡೆಗೆ ಒತ್ತಿ ನಿಂತು, ದಿಕ್ಕು ನೇರವಾದ ಮೇಲೆ ಹೊರಡಬೇಕು.

ಹೆಜ್ಜೆ ಎಣಿಸುವುದು ಸೈನಿಕರಿಗೆ ಸುಲಭ, ಆದರೆ ಅದನ್ನೇ ನಂಬಿದರೆ ಅಪಾಯ. ಅವಸರದಲ್ಲಿದ್ದಾಗ ಹೆಜ್ಜೆ ಉದ್ದವಾಗುತ್ತದೆ, ಕೈಯಲ್ಲಿ ಕೊಡವಿದ್ದಾಗ ಗಿಡ್ಡವಾಗುತ್ತದೆ. ಎಣಿಕೆಯ ಬದಲು ಗುರುತುಗಳನ್ನು ಕಲಿಯಬೇಕು: ಫ್ರಿಜ್ಜಿನ ಗುಂಯ್‌ಗುಡುವ ಸದ್ದು, ಪೂರ್ವದ ಕಿಟಕಿಯಿಂದ ಕೆನ್ನೆಗೆ ಬೀಳುವ ಬೆಳಗಿನ ಬಿಸಿಲು, ನುಣುಪು ಮೊಸಾಯಿಕ್ ಮುಗಿದು ಒರಟು ಸಿಮೆಂಟು ಶುರುವಾಗುವ ಜಾಗ, ದೇವರಕೋಣೆಯ ಊದುಬತ್ತಿ. ಫ್ರಿಜ್ಜು ಆಗಾಗ ಸುಮ್ಮನಾಗುತ್ತದೆ, ಕರೆಂಟೂ ಹೋಗುತ್ತದೆ. ಆದ್ದರಿಂದ ಪ್ರತಿ ದಾರಿಗೂ ಎಂದೂ ಬದಲಾಗದ ಒಂದು ಗುರುತಾದರೂ ಕಾಲಿಗೋ ಕೈಗೋ ಸಿಗುವಂತಿರಬೇಕು.

ಬಗ್ಗುವಾಗ ಎಚ್ಚರ ಬೇಕು. ಬಿದ್ದ ವಸ್ತುವನ್ನು ಎತ್ತಲು ಸೊಂಟದಿಂದ ಬಗ್ಗಿದರೆ ಮೇಜಿನ ಅಂಚು ಹಣೆಗೆ ಹೊಡೆಯುತ್ತದೆ. ವಸ್ತು ಬಿದ್ದ ಸದ್ದು ನಿಲ್ಲುವವರೆಗೆ ನಿಂತು ಕೇಳಿ, ಆ ಕಡೆ ತಿರುಗಿ, ಒಂದು ಅಂಗೈಯನ್ನು ಮುಖದ ಮುಂದೆ ಹಿಡಿದು, ಮೊಣಕಾಲು ಮಡಿಸಿ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲೆ ಅಂಗೈಯನ್ನು ಚಿಕ್ಕ ವೃತ್ತದಿಂದ ದೊಡ್ಡ ವೃತ್ತಕ್ಕೆ ಆಡಿಸಿ ಹುಡುಕಬೇಕು.

ಜೊತೆಗೆ ನಡೆಸುವವರು ಅವರ ರಟ್ಟೆ ಹಿಡಿದು ಮುಂದಕ್ಕೆ ತಳ್ಳಬಾರದು. ಅವರೇ ನಿಮ್ಮ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ. ಮೆಟ್ಟಿಲು ಬಂದಾಗ ನಿಮ್ಮ ತೋಳಿನ ಏರಿಳಿತವೇ ಅವರಿಗೆ ತಿಳಿಸುತ್ತದೆ. ಮಲಗಿದವರನ್ನು ಮುಟ್ಟಿ ಎಬ್ಬಿಸುವುದು, ಹಿಂದಿನಿಂದ ಬಂದು ಭುಜ ತಟ್ಟುವುದು ಯುದ್ಧಭೂಮಿ ಕಂಡವರ ವಿಷಯದಲ್ಲಿ ಕೂಡದು. ಬಾಗಿಲಲ್ಲೇ ನಿಂತು ನಿಮ್ಮ ಹೆಸರು ಹೇಳಿ ಕರೆಯಿರಿ. ಕೋಣೆಯಿಂದ ಹೊರಗೆ ಹೋಗುವಾಗಲೂ ಹೇಳಿ ಹೋಗಿ. ಖಾಲಿ ಕುರ್ಚಿಯೊಡನೆ ಮಾತನಾಡಿಸಬೇಡಿ.

ಹಂತ 4: ಬಚ್ಚಲು, ಕ್ಷೌರ, ಬಟ್ಟೆ

ಈ ಹಂತವನ್ನು ಕ್ಷೌರದಿಂದ ಆರಂಭಿಸಿ. ಸೇನೆಯಲ್ಲಿ ನಿತ್ಯ ಕ್ಷೌರ ಮಾಡಿಕೊಂಡವರ ಕೈಗೆ ಆ ಚಲನೆ ಗೊತ್ತು, ಫಲವೂ ಬೆರಳಿಗೆ ತಕ್ಷಣ ಸಿಗುತ್ತದೆ. ಎಡಗೈ ಬೆರಳು ಚರ್ಮವನ್ನು ಎಳೆದು ಹಿಡಿದು ಮುಂದೆ ಹೋಗಬೇಕು, ರೇಜರ್ ಅದರ ಹಿಂದೆ ಬರಬೇಕು. ಮುಖದಲ್ಲಿ ಚೂರಿನ ಗಾಯದ ಗಂಟುಗಳಿದ್ದರೆ ಬ್ಲೇಡು ಬೇಡ, ಟ್ರಿಮ್ಮರ್ ಸಾಕು.

ಬಚ್ಚಲಿನಲ್ಲಿ ತಣ್ಣೀರಿನ ಬಕೆಟ್ಟು ಎಡಕ್ಕೆ, ಬಿಸಿನೀರಿನದು ಬಲಕ್ಕೆ ಎಂದು ಕಾಯಂ ಮಾಡಿ. ತಣ್ಣೀರು ಮೊದಲು ತುಂಬಬೇಕು, ಬಿಸಿನೀರನ್ನು ಆಮೇಲೆ ಬೆರೆಸಬೇಕು. ಹಂಡೆಯ ಒಲೆಯಿದ್ದರೆ ಬೆಂಕಿಯ ಕಡೆಗೆ ಮೊಣಕಾಲೆತ್ತರದ ಇಟ್ಟಿಗೆ ಅಡ್ಡ ಕಟ್ಟಿಸಿ. ಸೋಪು ಕೈ ಜಾರಿ ಬಿದ್ದರೆ ಹುಡುಕುವುದೇ ದೊಡ್ಡ ಕೆಲಸವಾಗುವುದರಿಂದ ಅದನ್ನು ಹಳೆಯ ಕಾಲುಚೀಲದೊಳಗೆ ಹಾಕಿ ನಲ್ಲಿಗೆ ಕಟ್ಟಿಬಿಡಬಹುದು. ಫಿನಾಯಿಲ್, ಆ್ಯಸಿಡ್ ಬಾಟಲಿಗಳು ಬಚ್ಚಲಿನಲ್ಲಿ ಇರಲೇಕೂಡದು. ಅವನ್ನು ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ.

ಅಂಗಿಯ ಕಾಲರಿನ ಒಳಗೆ ದಾರದ ಗಂಟು ಹಾಕಿ: ಬಿಳಿಗೆ ಒಂದು, ನೀಲಿಗೆ ಎರಡು, ಗೆರೆಯದಕ್ಕೆ ಮೂರು. ಕಾಲುಚೀಲಗಳನ್ನು ಒಗೆಯಲು ಹಾಕುವಾಗಲೇ ಜೋಡಿಯಾಗಿ ಪಿನ್ ಮಾಡಿ. ಕೃತಕ ಕಣ್ಣು ಇದ್ದರೆ ಕೈ ತೊಳೆದೇ ಮುಟ್ಟಬೇಕು, ಒರೆಸುವಾಗ ಹೊರಗಿನಿಂದ ಮೂಗಿನ ಕಡೆಗೆ ಒರೆಸಬೇಕು. ಹಳದಿ ಪಸೆ, ವಾಸನೆ, ರಕ್ತ ಕಂಡರೆ ವೈದ್ಯರಿಗೆ ತೋರಿಸಿ.

ಹಂತ 5: ಊಟ

ತಟ್ಟೆಯನ್ನು ಗಡಿಯಾರದಂತೆ ಭಾವಿಸಿ "12ರಲ್ಲಿ ಪಲ್ಯ, 6ರಲ್ಲಿ ಅನ್ನ" ಎಂದು ಹೇಳುವ ಪದ್ಧತಿ ಹಲವು ದೇಶಗಳ ತರಬೇತಿಯಲ್ಲಿ ಇದೆ, ಸೈನಿಕರಿಗೆ ಅದು ಸುಲಭವೂ ಹೌದು. ಆದರೆ ನಮ್ಮಲ್ಲಿ ಬಾಳೆಲೆಯ ಬಡಿಸುವ ಕ್ರಮವೇ ಅದಕ್ಕಿಂತ ಖಚಿತವಾಗಿದೆ. ಎಲೆಯ ತುದಿ ಎಡಕ್ಕೆ, ಉಪ್ಪು ಎಡದ ಮೂಲೆಯಲ್ಲಿ, ಅದರ ಪಕ್ಕ ಉಪ್ಪಿನಕಾಯಿ ಕೋಸಂಬರಿ, ಪಲ್ಯ ಮೇಲಿನ ಸಾಲಿನಲ್ಲಿ, ಅನ್ನ ತಮ್ಮ ಕಡೆಗೆ. ನಿಮ್ಮ ಮನೆಯ ಕ್ರಮ ಯಾವುದೋ ಅದನ್ನೇ ಸ್ಟೀಲ್ ತಟ್ಟೆಯಲ್ಲೂ ದಿನವೂ ಪಾಲಿಸಿದರೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಕ್ರಮ ತಪ್ಪಿದ ದಿನ ಮಾತ್ರ ಹೇಳಿ.

ಮುದ್ದೆ ಊಟದಲ್ಲಿ ಅಪಾಯವಿರುವುದು ಸಾರಿನಲ್ಲಿ. ಕುದಿಯುವ ಸಾರನ್ನು ತಟ್ಟೆಗೆ ಸುರಿದು, ಹೇಳದೆ ಹೋಗುವುದರಿಂದ ಬೆರಳು ಸುಡುತ್ತದೆ. ಸಾರನ್ನು ಬಟ್ಟಲಲ್ಲಿ ಬಲಕ್ಕೆ ಇಟ್ಟು, ಬಟ್ಟಲಿನ ಹೊರಮೈಯನ್ನು ಅವರು ಮುಟ್ಟಿ ಬಿಸಿ ನೋಡಿಕೊಂಡ ಮೇಲೆ ಅವರೇ ಹಾಕಿಕೊಳ್ಳಲಿ. ಮೇಜಿನ ಮೇಲೆ ಲೋಟಕ್ಕಾಗಿ ಕೈ ಚಾಚುವಾಗ ಕೈ ಮೇಜಿನ ಮೇಲ್ಮೈಗೆ ತಾಗಿಕೊಂಡೇ ಸಾಗಬೇಕು. ಗಾಳಿಯಲ್ಲಿ ಸಾಗಿದ ಕೈ ಲೋಟವನ್ನು ಉರುಳಿಸುತ್ತದೆ. ತಣ್ಣೀರು ಸುರಿಯುವಾಗ ಲೋಟದ ಅಂಚಿನೊಳಗೆ ಬೆರಳ ತುದಿ ಇಡುವುದು ಸುಲಭ ವಿಧಾನ. ಬಿಸಿ ಕಾಫಿಗೆ ಬೆರಳು ಬೇಡ. ಲೋಟ ತುಂಬುತ್ತ ಬಂದಂತೆ ಸುರಿಯುವ ಸದ್ದು ತೆಳುವಾಗಿ ಏರುತ್ತದೆ, ಅದನ್ನು ತಣ್ಣೀರಿನಲ್ಲೇ ಹಲವು ದಿನ ಅಭ್ಯಾಸ ಮಾಡಿ ಆಮೇಲೆ ಬಿಸಿಗೆ ಹೋಗಬೇಕು.

ಹಂತ 6: ಅಡುಗೆಮನೆ

ಮನೆಯವರು ಅತಿಯಾಗಿ ಹೆದರುವುದೂ ಈ ಹಂತಕ್ಕೇ, ಸಿದ್ಧತೆಯಿಲ್ಲದೆ ಇಳಿದು ಕೈಬಿಡುವುದೂ ಇಲ್ಲೇ. "ಅವರಿಗೆ ಅಡುಗೆ ಯಾಕೆ, ನಾವಿಲ್ಲವೇ?" ಎಂದು ಕೇಳುವವರು ಇದ್ದಾರೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಒಂದು ಲೋಟ ಚಹಾ ಮಾಡಿಕೊಳ್ಳಲು ಆಗದವರು ಇನ್ನೊಬ್ಬರ ಗಡಿಯಾರಕ್ಕೆ ಕಟ್ಟುಬಿದ್ದಿರುತ್ತಾರೆ ಎಂಬುದೇ ಅದಕ್ಕೆ ಉತ್ತರ.

ಬೆಂಕಿ ಹಚ್ಚುವುದು ಕೊನೆಗೆ. ಮೊದಲು ತಣ್ಣನೆಯ ಕೆಲಸಗಳು: ಅವರೆಕಾಯಿ ಸುಲಿಯುವುದು, ಬೆಳ್ಳುಳ್ಳಿ ಬಿಡಿಸುವುದು, ಸೊಪ್ಪು ಬಿಡಿಸುವುದು, ಹಿಟ್ಟು ನಾದುವುದು. ಇವೆಲ್ಲ ಬೆರಳಿನ ಕೆಲಸಗಳೇ. ಎಲ್ಲವನ್ನೂ ಟ್ರೇಯ ಒಳಗೇ ಮಾಡಿದರೆ ಉರುಳಿದ್ದು ಅಲ್ಲೇ ಸಿಗುತ್ತದೆ. ನಂತರ ಡಬ್ಬಿಗಳ ಗುರುತು. ಸಕ್ಕರೆ ಮತ್ತು ಉಪ್ಪಿನ ಡಬ್ಬಿಗಳು ಒಂದೇ ಆಕಾರದವು ಆಗಿರಬಾರದು. ಬೇಳೆಗಳ ಡಬ್ಬಿಗೆ ರಬ್ಬರ್ ಬ್ಯಾಂಡಿನ ಸಂಖ್ಯೆಯಿಂದ ಗುರುತು ಸಾಕು. ಬಳಸಿದವರು ಯಾರೇ ಆಗಲಿ ಅದೇ ಜಾಗದಲ್ಲಿ ಇಡಬೇಕು. ಈ ಒಂದು ಶಿಸ್ತು ತಪ್ಪಿದರೆ ಎಷ್ಟು ಗುರುತು ಮಾಡಿಯೂ ಪ್ರಯೋಜನವಿಲ್ಲ.

ಮೂರನೆಯದಾಗಿ ಗ್ಯಾಸ್ ಒಲೆ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಒಲೆ ತಣ್ಣಗಿರುವಾಗ, ಗುಂಡಿಗಳ ಸುತ್ತ ಎಂ-ಸೀಲ್‌ನಿಂದ ಮೂರು ಉಬ್ಬು ಮಾಡಿ: ಬಂದ್, ಸಣ್ಣ ಉರಿ, ದೊಡ್ಡ ಉರಿ. ಗುಂಡಿಯ ಮೇಲೂ ಒಂದು ಉಬ್ಬಿರಲಿ. ಎರಡು ಉಬ್ಬುಗಳು ನೇರಕ್ಕೆ ಬಂದಾಗ ಉರಿ ಎಷ್ಟಿದೆ ಎಂದು ಬೆರಳಿಗೆ ತಿಳಿಯುತ್ತದೆ. ಉರಿ ಇಲ್ಲದೆಯೇ ಪಾತ್ರೆಯನ್ನು ಬರ್ನರ್ ಮೇಲೆ ಮಧ್ಯಕ್ಕೆ ಕೂರಿಸುವುದನ್ನು ಕೈ ಕಲಿಯುವವರೆಗೆ ಅಭ್ಯಾಸ ಮಾಡಬೇಕು. ಒಲೆ ಹಚ್ಚುವಾಗ ಯಾವಾಗಲೂ ಪಾತ್ರೆ ಮೊದಲು, ಉರಿ ಆಮೇಲೆ. ಇಳಿಸುವಾಗ ಉರಿ ಮೊದಲು ಬಂದ್, ಪಾತ್ರೆ ಆಮೇಲೆ. ಈ ಕ್ರಮ ಒಮ್ಮೆಯೂ ತಪ್ಪಬಾರದು. ಬೆಂಕಿಕಡ್ಡಿ ಬೇಡ, ಒಲೆಯಲ್ಲೇ ಕಿಡಿ ಹಾರಿಸುವ ಗುಂಡಿ ಇದ್ದರೆ ಉತ್ತಮ, ಇಲ್ಲದಿದ್ದರೆ ಲೈಟರ್. ಹೊತ್ತಿಕೊಂಡ ಸದ್ದು "ಭುಸ್" ಎಂದು ಬರದಿದ್ದರೆ ಗುಂಡಿಯನ್ನು ತಕ್ಷಣ ಬಂದ್ ಮಾಡಿ, ಕಿಟಕಿ ತೆರೆದು, ವಾಸನೆ ಹೋಗುವವರೆಗೆ ಕಾಯಬೇಕು. ಎರಡನೇ ಸಲ ಕೂಡಲೇ ಕಿಡಿ ಹಾರಿಸಬಾರದು. ಸ್ಫೋಟದಲ್ಲಿ ಮೂಗಿನ ವಾಸನಾಶಕ್ತಿಯೂ ಹೋಗಿದ್ದರೆ ಗ್ಯಾಸ್ ಸೋರಿಕೆಯ ಅಲಾರಂ ಇಲ್ಲದೆ ಈ ಹಂತಕ್ಕೆ ಬರಲೇಬೇಡಿ.

ಇಂಡಕ್ಷನ್ ಒಲೆ ಸುರಕ್ಷಿತವೆಂದು ಹಲವರು ಕೊಂಡುತರುತ್ತಾರೆ. ನುಣುಪು ಗಾಜಿನ ಮೇಲೆ ಬರೀ ಬೆರಳು ತಾಗಿಸುವ ಮಾದರಿಯಾದರೆ ಅದು ಕಣ್ಣಿಲ್ಲದವರಿಗೆ ಮೂಕ ಪೆಟ್ಟಿಗೆ. ಒತ್ತಿದರೆ ಒಳಹೋಗುವ ಬಟನ್‌ಗಳಿರುವ ಮಾದರಿಯನ್ನೇ ಕೇಳಿ ತನ್ನಿ.

ಬೆಂದದ್ದನ್ನು ತಿಳಿಯಲು ಕಣ್ಣೇ ಬೇಕೆಂದಿಲ್ಲ. ಸಾಸಿವೆ ಚಟಪಟ ಎನ್ನುವುದು ನಿಂತಾಗ ಕರಿಬೇವು, ಈರುಳ್ಳಿಯ ಹಸಿ ವಾಸನೆ ಸಿಹಿಗೆ ತಿರುಗಿದಾಗ ಮುಂದಿನದು, ಕುಕ್ಕರಿಗೆ ಕೂಗಿನ ಲೆಕ್ಕ. ದೋಸೆಯ ಚೊಯ್ ಎನ್ನುವ ಸದ್ದು ಅಡಗಿದಾಗ ಅಂಚು ಬಿಟ್ಟಿರುತ್ತದೆ, ಮೊಗಚುವ ಸಟ್ಟುಗದಿಂದ ತಡವಿ ನೋಡಿದರೆ ತಿಳಿಯುತ್ತದೆ. ಆದರೆ ಬಾಣಲೆಯ ತುಂಬ ಎಣ್ಣೆಯಲ್ಲಿ ಕರಿಯುವ ಕೆಲಸವನ್ನು ಬಹಳ ದಿನ ಮುಂದೂಡುವುದೇ ಒಳ್ಳೆಯದು. ಒಲೆಯ ಮುಂದೆ ನಿಲ್ಲುವಾಗ ಲುಂಗಿಯ ಅಂಚು, ಹೆಗಲ ಟವೆಲು ಇರಬಾರದು.

ಎಚ್ಚರಿಕೆಯ ಲಕ್ಷಣಗಳು: ಒಂದೇ ವಾರದಲ್ಲಿ ಎರಡು ಸಲ ಕೈ ಸುಟ್ಟಿದ್ದರೆ, ಗುಂಡಿ ಬಂದ್ ಮಾಡುವುದನ್ನು ಮರೆತಿದ್ದರೆ, ಕೆಲಸದ ಮಧ್ಯೆ ದಿಕ್ಕು ತಪ್ಪಿ ನಿಂತಿದ್ದರೆ ತಣ್ಣನೆಯ ಕೆಲಸಗಳಿಗೆ ಹಿಂದಿರುಗಿ. ಮರೆವು ಮುಂದುವರಿದರೆ ತಲೆಯ ಗಾಯದ ಬಗ್ಗೆ ವೈದ್ಯರನ್ನು ಕೇಳಿ.

ಹಂತ 7: ಮಾತ್ರೆ, ಹಣ, ಫೋನು

ಬೆಳಗಿನ ಮಾತ್ರೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು. ಮಾತ್ರೆಗಳ ಹೊಸ ಪಟ್ಟಿ (ಸ್ಟ್ರಿಪ್) ತಂದಾಗ ಒಬ್ಬರೇ ಜವಾಬ್ದಾರರಾಗಿ ತುಂಬಿಸಬೇಕು.

ಈಗಿನ ನೋಟುಗಳು ಉದ್ದದಲ್ಲಿ ಬೇರೆ ಬೇರೆ: 10 ರೂಪಾಯಿಯದು 123 ಮಿಲಿಮೀಟರ್, 20ರದು 129, 50ರದು 135, 100ರದು 142, 200ರದು 146, 500ರದು 150. ನೂರಕ್ಕೂ ಇನ್ನೂರಕ್ಕೂ ಇರುವ ವ್ಯತ್ಯಾಸ ನಾಲ್ಕೇ ಮಿಲಿಮೀಟರ್ ಆದ್ದರಿಂದ ಬೆರಳಿನ ಅಂದಾಜನ್ನು ನಂಬುವಂತಿಲ್ಲ. 100, 200 ಮತ್ತು 500ರ ನೋಟುಗಳ ಅಂಚಿನಲ್ಲಿ ಉಬ್ಬುಗೆರೆಗಳಿವೆ. ನೂರರಲ್ಲಿ ನಾಲ್ಕು, ಐನೂರರಲ್ಲಿ ಐದು. ಹೊಸ ನೋಟಿನಲ್ಲಿ ಅವು ಸಿಗುತ್ತವೆ, ಸಂತೆ ಸುತ್ತಿ ಬಂದ ನೋಟಿನಲ್ಲಿ ಸವೆದಿರುತ್ತವೆ. ಹಾಗಾಗಿ ನೋಟು ಕೈಗೆ ಬಂದ ಕೂಡಲೇ ಕೇಳಿಕೊಂಡು ಮಡಿಸಿಡುವುದು ಒಳ್ಳೆಯದು: ನೂರನ್ನು ಅಡ್ಡಕ್ಕೆ ಒಂದು ಮಡಿಕೆ, ಇನ್ನೂರನ್ನು ಉದ್ದಕ್ಕೆ, ಐನೂರನ್ನು ಮಡಿಸದೆ ಬೇರೆ ಜೇಬಿನಲ್ಲಿ. ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಡುಗಡೆ ಮಾಡಿದ 'ಮಣಿ' ಎಂಬ ಉಚಿತ ಆ್ಯಪ್ ಫೋನಿನ ಕ್ಯಾಮೆರಾದಿಂದ ನೋಟನ್ನು ಗುರುತಿಸಿ ಹೇಳುತ್ತದೆ. ಅದು ನೋಟು ಅಸಲಿಯೋ ಅಲ್ಲವೋ ಎಂದು ಹೇಳುವುದಿಲ್ಲ. ನಾಣ್ಯಗಳಲ್ಲಿ 20 ರೂಪಾಯಿಯದಕ್ಕೆ 12 ಮೂಲೆಗಳಿವೆ, ಬೆರಳಿಗೆ ಕೂಡಲೇ ಸಿಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ತೆರೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಅದನ್ನು ಚಾಲೂ ಮಾಡಿ, ಧ್ವನಿಯ ಭಾಷೆ ಕನ್ನಡಕ್ಕೆ ಬದಲಿಸಿ. ಮುಂದೆ ಎರಡೂ ವಾಲ್ಯೂಮ್ ಬಟನ್‌ಗಳನ್ನು ಒಟ್ಟಿಗೆ ಕೆಲ ಸೆಕೆಂಡು ಒತ್ತಿಹಿಡಿದರೆ ಅದು ಚಾಲೂ ಅಥವಾ ಬಂದ್ ಆಗುವಂತೆ ಹೊಂದಿಸಬಹುದು. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಅಂಶಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಮೊದಲ ವಾರ ಕರೆ ಮಾಡುವುದು ಮತ್ತು ಕರೆ ಸ್ವೀಕರಿಸುವುದು ಇವೆರಡೇ ಸಾಕು; ವಾಟ್ಸ್‌ಆ್ಯಪ್, ಯು.ಪಿ.ಐ. ಆಮೇಲೆ. ಮಾತಿನ ವೇಗವನ್ನು ಮೊದಲು ಕಡಿಮೆ ಇಟ್ಟು ನಂತರ ಏರಿಸಿ. ಪಿನ್ ಸಂಖ್ಯೆಯನ್ನು ಫೋನು ಗಟ್ಟಿಯಾಗಿ ಓದಬಾರದೆಂದರೆ ಇಯರ್‌ಫೋನ್ ಹಾಕಿಕೊಳ್ಳಬೇಕು. ಪಿನ್ ಅನ್ನು ಮನೆಯವರು ಕೇಳಿ ತಿಳಿದುಕೊಳ್ಳುವುದು ಸರಿಯಲ್ಲ; ಪಿಂಚಣಿ ಅವರದು.

ಹಂತ 8: ಕೋಲು ಹಿಡಿದು ಹೊರಗೆ

ಈಗ ಕೋಲು ಬರಲಿ. ಅದರ ಉದ್ದ ನಿಂತಾಗ ಎದೆಮೂಳೆಯ ಕೆಳತುದಿಯವರೆಗೆ ಇರಬೇಕು. ಅಂಗಡಿಯವರು ಕೊಟ್ಟ ಊರುಗೋಲಿನ ಅಳತೆಯ ಕೋಲು ನೆಲದ ಗುಂಡಿಯನ್ನು ತೀರ ತಡವಾಗಿ ತಿಳಿಸುತ್ತದೆ. ಕೋಲನ್ನು ಹೊಟ್ಟೆಯ ಮಧ್ಯದಲ್ಲಿ ಹಿಡಿದು, ಎಡಗಾಲು ಮುಂದಿಡುವಾಗ ಕೋಲಿನ ತುದಿ ಬಲಕ್ಕೆ, ಬಲಗಾಲಿಗೆ ಎಡಕ್ಕೆ, ಭುಜಕ್ಕಿಂತ ಒಂದಿಷ್ಟೇ ಅಗಲವಾಗಿ ತಟ್ಟುತ್ತ ಹೋಗಬೇಕು. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಈ ವಿಧಾನ ರೂಪುಗೊಂಡದ್ದೇ 1944ರಲ್ಲಿ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ, ಕಣ್ಣು ಕಳೆದುಕೊಂಡ ಸೈನಿಕರಿಗಾಗಿ.

ರಸ್ತೆ ದಾಟುವುದನ್ನು ಪುಸ್ತಕ ಓದಿ ಕಲಿಸಬೇಡಿ. ನಡಿಗೆಯ ತರಬೇತುದಾರರ ಬಳಿಯೇ ಕಲಿಯಬೇಕು. ಡೆಹ್ರಾಡೂನಿನಲ್ಲಿ ಎರಡನೇ ಮಹಾಯುದ್ಧದಲ್ಲಿ ಕುರುಡಾದ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಆರಂಭವಾದ ಕೇಂದ್ರವೇ ಇಂದು ದೃಷ್ಟಿದೋಷವುಳ್ಳವರ ರಾಷ್ಟ್ರೀಯ ಸಂಸ್ಥೆಯಾಗಿದೆ. ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾ ಮೊದಲಾದ ಸಂಸ್ಥೆಗಳು ದೃಷ್ಟಿಯಿಲ್ಲದವರಿಗೆ ತರಬೇತಿ ನೀಡುತ್ತವೆ. ಸಣ್ಣ ಊರಿನಲ್ಲಿದ್ದರೆ ಮೊದಲು ಮನೆಯಿಂದ ಹಾಲಿನ ಡೈರಿಯವರೆಗಿನ ಒಂದೇ ದಾರಿ, ಅದೂ ವಾಹನ ಕಡಿಮೆ ಇರುವ ಹೊತ್ತಿನಲ್ಲಿ. ಕೋಲು ಸೊಂಟದಿಂದ ಮೇಲಿನದನ್ನು ತಿಳಿಸುವುದಿಲ್ಲ. ಲಾರಿಯ ಹಿಂಬದಿ, ಬಾಗಿದ ಕೊಂಬೆಗಳಿಗೆ ಅಂಚುಳ್ಳ ಟೋಪಿ ಹಾಕಿಕೊಳ್ಳುವುದು ಒಳ್ಳೆಯದು.

ಹಂತ 9: ಕಾಗದಪತ್ರಗಳು

ಸೇನೆಯ ವೈದ್ಯಕೀಯ ಮಂಡಳಿ ಕೊಡುವ ಅಂಗವೈಕಲ್ಯದ ದಾಖಲೆ ಪಿಂಚಣಿಗೆ. ಸರ್ಕಾರಿ ಆಸ್ಪತ್ರೆಯ ಮೂಲಕ ಬರುವ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡು ನಾಗರಿಕ ಸೌಲಭ್ಯಗಳಿಗೆ. ಒಂದಿದ್ದರೆ ಇನ್ನೊಂದು ಬೇಡವೆಂದು ಬಿಟ್ಟವರು ಬಹಳ. ಶೇ. 100ರ ವೈಕಲ್ಯವೆಂದು ಮಂಡಳಿ ಹೇಳಿದ್ದು, ನಿತ್ಯ ನೋಡಿಕೊಳ್ಳುವವರ ಅಗತ್ಯವನ್ನೂ ಶಿಫಾರಸು ಮಾಡಿದ್ದರೆ ನಿರಂತರ ಪರಿಚಾರಕ ಭತ್ಯೆ ಸಿಗುತ್ತದೆ. ಪಿಂಚಣಿ ಆದೇಶದಲ್ಲಿ ಅದು ನಮೂದಾಗಿದೆಯೇ ಎಂದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಓದಿಸಿ ನೋಡಿ.

ಕಣ್ಣಿಲ್ಲ ಎಂಬ ಕಾರಣಕ್ಕೆ ಚೆಕ್ ಪುಸ್ತಕ, ಎ.ಟಿ.ಎಂ., ಲಾಕರ್ ಸೌಲಭ್ಯಗಳನ್ನು ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರಕ್ಕೆ ಕಣ್ಣಿನ ಪಾಪೆಯ ಬದಲು ಬೆರಳಚ್ಚು ಕೊಡುವುದು ಸುಲಭ. ಮುಖ ತೋರಿಸಿ ಕಣ್ಣು ಮಿಟುಕಿಸಲು ಕೇಳುವ ಆ್ಯಪ್‌ಗಳಲ್ಲಿ ಕೃತಕ ಕಣ್ಣಿನವರು ಸಿಕ್ಕಿಬೀಳುತ್ತಾರೆ. ಗ್ರಾಹಕರ ಗುರುತು ಖಚಿತಪಡಿಸುವ ಡಿಜಿಟಲ್ ಕೆ.ವೈ.ಸಿ.ಯಲ್ಲಿ ಮಿಟುಕಿಸುವುದಕ್ಕೆ ಪರ್ಯಾಯ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿದೆ. ಬ್ಯಾಂಕಿನವರು ವಾದಿಸಿದರೆ ಆ ತೀರ್ಪಿನ ದಿನಾಂಕವನ್ನು ಹೇಳಿ.

ಎಲ್ಲ ಹಂತಗಳಲ್ಲೂ ಗಮನಿಸಬೇಕಾದ ಲಕ್ಷಣಗಳು

ಬೆಳಕಿನ ಅರಿವೇ ಇಲ್ಲದ ಹಲವರಲ್ಲಿ ಹಗಲು ರಾತ್ರಿಯ ಲಯ ತಪ್ಪುತ್ತದೆ. ನಿದ್ದೆಯ ಹೊತ್ತು ದಿನವೂ ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತ ಕೆಲವು ವಾರಗಳಲ್ಲಿ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎಚ್ಚರವಾಗಿರುವಂತಾದರೆ ಅದು ಸೋಮಾರಿತನವಲ್ಲ. ಏಳುವ, ನಡೆಯುವ, ಉಣ್ಣುವ ಹೊತ್ತುಗಳನ್ನು ಪಾಳಿಯಂತೆ ಕಟ್ಟುನಿಟ್ಟಾಗಿ ಇಡಿ, ಸರಿಹೋಗದಿದ್ದರೆ ವೈದ್ಯರಿಗೆ ಹೇಳಿ. ಇದಕ್ಕೆ ಚಿಕಿತ್ಸೆ ಇದೆ.

ಕಲಿತಿದ್ದ ಕೆಲಸವನ್ನು ಬಿಡುವುದು, ಕ್ಷೌರ ನಿಲ್ಲಿಸುವುದು, ಹಳೆಯ ಸಂಗಡಿಗರ ಕರೆ ಬಂದರೆ ಫೋನು ಮುಟ್ಟದಿರುವುದು, ಸೇನಾ ಕ್ಯಾಂಟೀನಿನಿಂದ ತಂದ ಮದ್ಯದ ಬಾಟಲಿ ತಿಂಗಳ ಮಧ್ಯದಲ್ಲೇ ಖಾಲಿಯಾಗುವುದು, ತಾನು ಹೊರೆಯಾದೆ ಎಂದು ಪದೇ ಪದೇ ಹೇಳುವುದು ಇವನ್ನು ಉಪದೇಶದಿಂದ ಸರಿಪಡಿಸಲಾಗದು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಸಾಯುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ಲೈಸೆನ್ಸ್ ಕೋವಿ ಇದ್ದರೆ ಆ ದಿನವೇ ಮನೆಯಿಂದ ಹೊರಗೆ, ಕಾನೂನುಬದ್ಧವಾಗಿ ಇರಿಸುವ ಕಡೆಗೆ ಸಾಗಿಸಿ.

ದೀಪಾವಳಿಯ ಪಟಾಕಿಗೆ ಬೆಚ್ಚಿಬೀಳುವುದು ಹೇಡಿತನವಲ್ಲ. ಯಾವ ದಿಕ್ಕಿನಿಂದ, ಯಾವಾಗ ಸದ್ದು ಬರುತ್ತದೆಂದು ಮೊದಲೇ ತಿಳಿದರೆ ಅರ್ಧ ಹೊಡೆತ ಕಡಿಮೆಯಾಗುತ್ತದೆ. ಪಕ್ಕದ ಮನೆಯ ಮಕ್ಕಳಿಗೆ ಹೊತ್ತು ಗೊತ್ತುಮಾಡಿ, ಹಚ್ಚುವ ಮೊದಲು ಕೂಗಿ ಹೇಳಲು ಕೇಳಿಕೊಳ್ಳಿ. ಆ ಹೊತ್ತಿನಲ್ಲಿ ಅವರು ಹಿತ್ತಿಲ ಕಡೆಯ ಕೋಣೆಯಲ್ಲಿ ಕೂರಬಯಸಿದರೆ ಕೂರಲಿ, ಜೊತೆಗೆ ಯಾರು ಇರಬೇಕು ಎಂಬುದನ್ನು ಅವರನ್ನೇ ಕೇಳಿ.